ಪುಟದ ವಿಳಾಸ ಬದಲಾದಾಗ

ಮನೆ ಬದಲಾಯಿಸುವವರು ಹಳೆಯ ಬಡಾವಣೆಯ ಅಂಚೆ ಕಚೇರಿಗೆ ಹೊಸ ವಿಳಾಸ ಬರೆದುಕೊಡುವುದುಂಟು. ಹಳೆಯ ವಿಳಾಸಕ್ಕೆ ಬಂದ ಪತ್ರಗಳು ಆಗ ಹೊಸ ಮನೆ ಸೇರುತ್ತವೆ. ಅಂತರಜಾಲದ ಪುಟಗಳಿಗೂ ಇಂಥದೇ ಏರ್ಪಾಡಿದೆ. ಅದರ ಹೆಸರು ರೀಡೈರೆಕ್ಟ್, ಅಂದರೆ ಮರುನಿರ್ದೇಶನ. ಆನ್‌ಲೈನ್ ಅಂಗಡಿಯೊಂದು ಹೊಸ ತಂತ್ರಾಂಶಕ್ಕೆ ವರ್ಗವಾದಾಗ ಸಾವಿರಾರು ಪುಟಗಳ ವಿಳಾಸ ಒಮ್ಮೆಲೇ ಬದಲಾಗಬಹುದು. ಆಗ ಹಳೆಯ ಗಿರಾಕಿಗಳಿಗೆ ದಾರಿ ತೋರಿಸುವುದು ಈ ಏರ್ಪಾಡೇ. ಇದು ರೂಪುಗೊಂಡ ಬಗೆ ಕುತೂಹಲಕರವಾಗಿದೆ.

1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ಸರ್ವರನ್ನು ನಡೆಸಿದರು. ಪುಟ ಕೇಳುವ, ಕೊಡುವ ನಿಯಮಾವಳಿಯೇ ಎಚ್‌ಟಿಟಿಪಿ. 1991ರಲ್ಲಿ ಅದು ತೀರ ಸರಳವಾಗಿತ್ತು. ಬ್ರೌಸರ್ ಕೇಳಿದ ಪುಟವನ್ನು ಸರ್ವರ್ ಕಳಿಸುತ್ತಿತ್ತು, ಅಷ್ಟೆ. ಪುಟ ಸಿಗದಿದ್ದರೆ ಮನುಷ್ಯರು ಓದಬಲ್ಲ ವಾಕ್ಯವೊಂದು ಬರುತ್ತಿತ್ತೇ ಹೊರತು ಯಂತ್ರ ಗುರುತಿಸಬಲ್ಲ ಸಂಕೇತ ಇರಲಿಲ್ಲ. 1992ರ ಕರಡಿನಲ್ಲಿ ಮೂರಂಕಿಯ ಸಂಕೇತಗಳು ಬಂದವು. 3ರಿಂದ ಆರಂಭವಾಗುವ ಸಂಖ್ಯೆಗಳು ಮರುನಿರ್ದೇಶನಕ್ಕೆ ಮೀಸಲಾದವು. 301 ಎಂದರೆ ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎಂದರ್ಥ. 1996ರ ಮೇ ತಿಂಗಳಿನ ಎಚ್‌ಟಿಟಿಪಿ 1.0 ದಾಖಲೆಯಲ್ಲಿ 302 ತಾತ್ಕಾಲಿಕ ಸ್ಥಳಾಂತರದ ಸಂಕೇತವಾಗಿತ್ತು. ಒಂದು ವಿಳಾಸ ಇನ್ನೊಂದಕ್ಕೆ, ಅದು ಮತ್ತೆ ಮೊದಲಿನದಕ್ಕೆ ಕಳಿಸಿದರೆ ಬ್ರೌಸರ್ ಗಾಣದೆತ್ತಿನಂತೆ ಸುತ್ತಬೇಕಾಗುತ್ತದೆ. ಆದ್ದರಿಂದ 5ಕ್ಕಿಂತ ಹೆಚ್ಚು ಬಾರಿ ತಾನಾಗಿ ಮುಂದೆ ಹೋಗಬಾರದೆಂದು ಅದೇ ದಾಖಲೆ ಸೂಚಿಸಿತು.

ಅಷ್ಟರಲ್ಲಿ ವ್ಯಾಪಾರ ವೆಬ್ಬಿಗೆ ಬಂದಿತ್ತು. ಅಮೆಜಾನ್ ಪುಸ್ತಕದಂಗಡಿ 1995ರ ಜುಲೈಯಲ್ಲಿ ತೆರೆದಿತ್ತು. ಇಲ್ಲೊಂದು ತೊಡಕು ಹುಟ್ಟಿತು. ಬ್ರೌಸರಿನ ಕೋರಿಕೆಗಳಲ್ಲಿ ಎರಡು ಮುಖ್ಯ ಬಗೆಗಳಿವೆ. 'ಗೆಟ್' ಪುಟವನ್ನು ಬೇಡುತ್ತದೆ. 'ಪೋಸ್ಟ್' ಗಿರಾಕಿ ತುಂಬಿದ ವಿವರವನ್ನು ಸರ್ವರಿಗೆ ಒಪ್ಪಿಸುತ್ತದೆ. ಮರುನಿರ್ದೇಶನ ಸಿಕ್ಕಾಗ ಹಲವು ಬ್ರೌಸರುಗಳು ನಿಯಮ ಮೀರಿ 'ಪೋಸ್ಟ್' ಅನ್ನು 'ಗೆಟ್' ಆಗಿ ಬದಲಿಸುತ್ತಿದ್ದವು. ಖರೀದಿಯ ವಿವರ ಹೊತ್ತ ಕೋರಿಕೆ ಹೀಗೆ ಬದಲಾದರೆ ಆ ವಿವರ ಹೊಸ ವಿಳಾಸವನ್ನು ಮುಟ್ಟುವುದಿಲ್ಲ. ಈ ಗೊಂದಲ ನೀಗಲು 1997ರಲ್ಲಿ 303, 1999ರಲ್ಲಿ 307 ಸೇರಿದವು. ಇನ್ನೊಂದು ಪುಟವನ್ನು 'ಗೆಟ್' ಮೂಲಕವೇ ನೋಡು ಎಂದು 303 ಹೇಳಿದರೆ, ಕೋರಿಕೆಯ ಬಗೆಯನ್ನು ಬದಲಿಸದೆ ತಾತ್ಕಾಲಿಕ ವಿಳಾಸಕ್ಕೆ ಹೋಗು ಎಂದು 307 ಹೇಳುತ್ತದೆ. ಶಾಶ್ವತ ಸ್ಥಳಾಂತರಕ್ಕೆ ಇಂಥದೇ ಕಟ್ಟುನಿಟ್ಟಿನ ಸಂಕೇತವಾದ 308 ಪ್ರಾಯೋಗಿಕವಾಗಿ ಬಂದದ್ದು 2014ರಲ್ಲಿ. ರೂಢಿ ನಿಯಮವನ್ನು ತಿದ್ದಿದ ಉದಾಹರಣೆಯೂ ಇಲ್ಲಿದೆ: 301 ಮತ್ತು 302ರಲ್ಲಿ ಬ್ರೌಸರುಗಳ ಹಳೆಯ ನಡವಳಿಕೆಯನ್ನು 2014ರ ಪರಿಷ್ಕೃತ ದಾಖಲೆ ಒಪ್ಪಿಕೊಂಡಿತು.

1998ರಲ್ಲಿ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಪುಟಗಳ ಮಹತ್ವವನ್ನು ಅವುಗಳಿಗೆ ಬರುವ ಕೊಂಡಿಗಳಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಹಳೆಯ ವಿಳಾಸ ಸತ್ತರೆ ಅದು ಗಳಿಸಿದ ಕೊಂಡಿಗಳೂ ವ್ಯರ್ಥವೆಂಬುದು ಅಂಗಡಿಯವರಿಗೆ ಕ್ರಮೇಣ ಮನವರಿಕೆಯಾಯಿತು.

ಹೀಗಾಗಿ ಅಂಗಡಿ ವರ್ಗಾಯಿಸುವವರು ಮೊದಲು ಹಳೆಯ ವಿಳಾಸಗಳ ಪಟ್ಟಿ ಮಾಡಬೇಕು. ಸರ್ವರಿನ ದಾಖಲೆಗಳಿಂದ ಅದು ದೊರೆಯುತ್ತದೆ. ಪ್ರತಿ ವಿಳಾಸಕ್ಕೂ ಸರಿಸಾಟಿಯಾದ ಹೊಸ ಪುಟವನ್ನು ಹೊಂದಿಸಿ, ನಡುವೆ ಇನ್ನೊಂದು ತಿರುವಿಲ್ಲದೆ 301 ಕೊಡಬೇಕು. ಎಲ್ಲವನ್ನೂ ಮುಖಪುಟಕ್ಕೆ ತಳ್ಳುವುದು ಸರಿಯಲ್ಲ. ಕುಕ್ಕರಿನ ಪುಟ ಹುಡುಕಿ ಬಂದವನಿಗೆ ಅಂಗಡಿಯ ಬಾಗಿಲು ತೋರಿಸಿದರೆ ಏನು ಪ್ರಯೋಜನ? ಬದಲಿಯೇ ಇಲ್ಲದ ಸರಕಿಗೆ, ಪುಟ ಇನ್ನಿಲ್ಲ ಎಂದು ತಿಳಿಸುವ 410 ಪ್ರಾಮಾಣಿಕ ಉತ್ತರ. ಮರುನಿರ್ದೇಶನವನ್ನು ಕನಿಷ್ಠ 1 ವರ್ಷ ಉಳಿಸಬೇಕೆಂಬುದು ಗೂಗಲ್ ಸಲಹೆ.

ಒಳ್ಳೆಯ ವಿಳಾಸ ಬದಲಾಗಬಾರದೆಂದು ಬರ್ನರ್ಸ್-ಲೀ 1998ರಲ್ಲೇ ವಾದಿಸಿದ್ದರು. ಆದರೂ 2013ರಲ್ಲಿದ್ದ ವೆಬ್ ಪುಟಗಳಲ್ಲಿ 38% ಹತ್ತು ವರ್ಷಗಳ ನಂತರ ಸಿಗಲಿಲ್ಲವೆಂದು ಅಮೆರಿಕದ ಪ್ಯೂ ಸಂಶೋಧನ ಕೇಂದ್ರ 2024ರಲ್ಲಿ ವರದಿ ಮಾಡಿತು. ಒಮ್ಮೆ ಸಾರ್ವಜನಿಕವಾದ ವಿಳಾಸ ಅಂಗಡಿಯವನದಷ್ಟೇ ಆಗಿ ಉಳಿಯುವುದಿಲ್ಲ. ಅದನ್ನು ಬರೆದಿಟ್ಟುಕೊಂಡವರಿಗೂ ಅದರಲ್ಲಿ ಪಾಲಿದೆ. ದಾರಿ ತೋರಿಸುವ ಸಂಕೇತ 1992ರಿಂದಲೂ ಇದೆ. ಕೊರತೆಯಾಗಿರುವುದು ಪಟ್ಟಿ ಬರೆಯುವ ತಾಳ್ಮೆ.