ದಂಬೆ ನೀರಿನ ಊರಿಗೆ ರೆಸಿನ್ ಬಂದ ಕಥೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಗಡಸು ನೀರಿನ ಮಾತೇ ಬರುತ್ತಿರಲಿಲ್ಲ. ಗುಡ್ಡದ ಅಬ್ಬಿಯಿಂದ ಅಡಿಕೆ ದಂಬೆಯಲ್ಲಿ ಹರಿದು ಬಚ್ಚಲ ಹಂಡೆಗೆ ಬೀಳುತ್ತಿದ್ದದ್ದು ಹೆಚ್ಚುಕಮ್ಮಿ ಮಳೆ ನೀರೇ. ನಗರದ ಹತ್ತಿರದ ದೇವಗಂಗೆ ಕೊಳಗಳಲ್ಲಿ ಕೆಳದಿ ಅರಸರ ಕಾಲದ ಆ ಜಾಣತನವನ್ನು ಈಗಲೂ ನೋಡಬಹುದು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಒಂದು ಕೊಳದಿಂದ ಇನ್ನೊಂದಕ್ಕೆ ಇಳಿಯುತ್ತದೆ.

ಬೋರ್ ಬಂದ ಮೇಲೆ ಲೆಕ್ಕ ಬದಲಾಯಿತು. ಆಳದ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ನಮ್ಮ ಕಡೆ ಅದರ ಜೊತೆಗೆ ಕಬ್ಬಿಣವೂ ಬರುವುದುಂಟು. ಸಾಫ್ಟನರ್ ಮಾರುವವರು ಮನೆಬಾಗಿಲಿಗೆ ಬರುವುದು ಆಗಲೇ.

ಅದರೊಳಗಿನ ವಿದ್ಯೆ ಮೊದಲು ಕಂಡದ್ದು ಮಣ್ಣಿನಲ್ಲಿ. 1850ರಲ್ಲಿ ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ, ಗೊಬ್ಬರದ ಅಮೋನಿಯವನ್ನು ಮಣ್ಣು ಹಿಡಿದಿಟ್ಟುಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಟ್ಟುಕೊಡುವುದನ್ನು ತೋರಿಸಿದರು. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಗಾನ್ಸ್ ಅದೇ ಅದಲುಬದಲನ್ನು ನೀರು ಮೆದು ಮಾಡಲು ಬಳಸಿದ. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಕೃತಕ ರೆಸಿನ್ ಮಾಡಿದರು. ಇವತ್ತಿನ ಪ್ಲಾಸ್ಟಿಕ್ ಮಣಿಗಳು ಅದರ ನಂತರದ ಸಂತತಿ. ಮಣಿ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ. ತುಂಬಿದಾಗ ಉಪ್ಪುನೀರಿನಲ್ಲಿ ತೊಳೆದರೆ ಮತ್ತೆ ದುಡಿಯುತ್ತದೆ.

ಎಷ್ಟು ವರ್ಷ? ಬರೀ ಗಡಸು ನೀರಾದರೆ, ಉಪ್ಪು ಸರಿಯಾಗಿ ಹಾಕಿದರೆ, ಸಾಮಾನ್ಯವಾಗಿ 10 ವರ್ಷ ಅಥವಾ ಇನ್ನೂ ಹೆಚ್ಚು. ಗಡಸುತನ ಜಾಸ್ತಿಯಿದ್ದರೆ ಉಪ್ಪು ಬೇಗ ಖಾಲಿಯಾಗುತ್ತದೆ, ಮಣಿ ಅಷ್ಟಕ್ಕೇ ಸಾಯುವುದಿಲ್ಲ. ಅದನ್ನು ಕೊಲ್ಲುವುದು ಕ್ಲೋರಿನ್ ಮತ್ತು ಕಬ್ಬಿಣ. ಕಬ್ಬಿಣ ತುಕ್ಕಾಗಿ ಮಣಿಗೆ ಮೆತ್ತಿಕೊಂಡರೆ ಉಪ್ಪಿಗೆ ಬಿಡುವುದಿಲ್ಲ. ಕೆಲವೇ ವರ್ಷದಲ್ಲಿ ಕೆಲಸ ಕೆಡುತ್ತದೆ. ಮಲೆನಾಡಿನವರು ಮೊದಲು ಕೇಳಬೇಕಾದದ್ದು ಇದನ್ನೇ, ಮಾರುವವರು ಹೇಳುವುದು ಅಪರೂಪ.

ಕಂಡುಹಿಡಿಯುವುದು ಕಷ್ಟವಲ್ಲ. ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿದರೆ ಗಡಸು. ಬಕೆಟ್ ಕೆಂಪಾದರೆ, ಅಡಿಕೆ ಚೊಗರು ಬಿದ್ದ ನೀರು ಕಪ್ಪಾದರೆ ಕಬ್ಬಿಣ. ಹಣ ಕೊಡುವ ಮೊದಲು ನೀರು ಪರೀಕ್ಷೆ ಮಾಡಿಸಿ, ಎರಡರ ಅಂಕಿಯನ್ನೂ ಬೇರೆಬೇರೆಯಾಗಿ ಕೇಳಿ. ಕಬ್ಬಿಣವೇ ತೊಂದರೆಯಾದರೆ ನೀರನ್ನು ಎತ್ತರದಿಂದ ಸುರಿದು ಗಾಳಿಯಾಡಿಸಿ, ನಿಲ್ಲಿಸಿ, ಮರಳಿನಲ್ಲಿ ಸೋಸಿದರೆ ಎಷ್ಟೋ ಕಡೆ ಸಾಕಾಗುತ್ತದೆ. ಸಾಫ್ಟನರ್ ಬೇಕೇಬೇಕೆಂದರೂ ಕಬ್ಬಿಣ ತೆಗೆಯುವ ಫಿಲ್ಟರ್ ಅದಕ್ಕಿಂತ ಮುಂಚೆ ಕೂರಬೇಕು. ಮಣಿ ತೊಳೆದ ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಿ. ಬಚ್ಚಲ ನೀರು ಬಿಡುವ ಅಡಿಕೆ ಬುಡಕ್ಕೆ ಅದನ್ನು ಬಿಡುವ ಹಾಗಿಲ್ಲ.