ಹೊಣೆ

ಹೊಣೆ (ನಾ.) 1. ಜಾಮೀನು, ಇನ್ನೊಬ್ಬರ ಪರವಾಗಿ ಕೊಡುವ ಭರವಸೆ. 2. ಜವಾಬ್ದಾರಿ.

ಹಳಗನ್ನಡದ ರೂಪ ‘ಪೊಣೆ’. ಪಾಲು ಹಾಲಾದ ಹಾಗೆ ಪೊಣೆ ಹೊಣೆಯಾಯಿತು. ತಮಿಳಿನ ‘ಪುಣೈ’ ಇದರ ದಾಯಾದಿ. ಅಲ್ಲಿಯೂ ಜಾಮೀನು ಎಂಬ ಅರ್ಥವುಂಟು. ಸಾಲ ಪಡೆದವನೊಬ್ಬ, ಅದಕ್ಕೆ ‘ಹೊಣೆ ನಿಂತವನು’ ಇನ್ನೊಬ್ಬ: ಇದು ಹಳೆಯ ಬಳಕೆ.

ವಾಹನ ವಿಮೆಯಲ್ಲಿ ಈ ಹಳೆಯ ಅರ್ಥವೇ ಜೀವಂತವಾಗಿದೆ. ಮತ್ತಿಕೆರೆಯ ತಿರುವೊಂದರಲ್ಲಿ ಕಾರು ಸ್ಕೂಟರಿಗೆ ಗುದ್ದಿ, ಸವಾರರ ಕಾಲು ಮುರಿಯಿತೆನ್ನಿ. ತಪ್ಪು ಚಾಲಕನದು. ಅವನು ಸಂಬಳದ ಡ್ರೈವರಾಗಿದ್ದರೆ ಮಾಲೀಕರೂ ಹೊಣೆ. ಅವರಿಬ್ಬರ ಪರವಾಗಿ ಪರಿಹಾರ ಕಟ್ಟಿಕೊಡಲು ಹೊಣೆ ನಿಲ್ಲುವುದು ವಿಮಾ ಕಂಪನಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. ಗುದ್ದಿದ ಕಾರಿನ ಬಂಪರ್ ರಿಪೇರಿ ಮಾತ್ರ ಅದರಲ್ಲಿ ಸೇರುವುದಿಲ್ಲ.

ಚಾಲಕನಿಗೆ ಲೈಸೆನ್ಸ್ ಇರದಿದ್ದರೆ? ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಆದೇಶಿಸಬಹುದು. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಬೀಳುವ ಕ್ರಿಮಿನಲ್ ಕೇಸಿಗೆ ಯಾವ ಪಾಲಿಸಿಯೂ ಹೊಣೆ ನಿಲ್ಲದು. ಅದನ್ನು ಚಾಲಕನೇ ಎದುರಿಸಬೇಕು.

ಬಳಕೆ: ಹೊಣೆ ಹೊರು, ಹೊಣೆಗಾರ, ಹೊಣೆಗಾರಿಕೆ, ಹೊಣೆಗೇಡಿ. ‘ಮಾಲೀಕರೂ ವಿಮಾ ಕಂಪನಿಯೂ ಜಂಟಿಯಾಗಿ ಹೊಣೆಗಾರರು’ ಎಂಬುದು ಪರಿಹಾರದ ತೀರ್ಪುಗಳ ಧಾಟಿ.