ವಿದೇಶದಲ್ಲಿ ಬಾಡಿಗಾರ್ಡ್ ಕೆಲಸ: ಮುಂಬೈನಿಂದ ಹೊರಡುವ ಮುನ್ನ ಈ ಪರವಾನಗಿ, ದಾಖಲೆಗಳ ಬಗ್ಗೆ ತಿಳಿದಿರಲಿ

ಮುಂಬೈ: ಮಾಲ್, ಆಸ್ಪತ್ರೆ, ಹೌಸಿಂಗ್ ಸೊಸೈಟಿ, ಸಿನಿಮಾ ಶೂಟಿಂಗ್ ಹೀಗೆ ಮುಂಬೈ ಮತ್ತು ಉಪನಗರಗಳಲ್ಲಿ ಖಾಸಗಿ ಭದ್ರತಾ ಸಿಬ್ಬಂದಿ ಇಲ್ಲದ ಜಾಗ ಅಪರೂಪ. ನಟ ಸಲ್ಮಾನ್ ಖಾನ್ ಅವರ ಅಂಗರಕ್ಷಕ ಶೇರಾ ಅವರಂಥವರು ಈ ವೃತ್ತಿಗೆ ತಾರಾಮೆರುಗು ತಂದಿದ್ದಾರೆ. 2017ರ ಮೇ ತಿಂಗಳಲ್ಲಿ ಪಾಪ್ ಗಾಯಕ ಜಸ್ಟಿನ್ ಬೀಬರ್ ಕಾರ್ಯಕ್ರಮಕ್ಕೆಂದು ನವಿ ಮುಂಬೈಗೆ ಬಂದಾಗ ಅವರ ಭದ್ರತೆಯ ಹೊಣೆ ಹೊತ್ತವರೂ ಶೇರಾ ಅವರೇ. ಇಲ್ಲಿ ಅನುಭವ ಪಡೆದು ದುಬೈ, ಲಂಡನ್‌ಗೆ ಹೋಗಬೇಕೆಂಬ ಆಸೆ ಹಲವು ಯುವಕರದ್ದು. ಆದರೆ ಒಂದು ದೇಶದ ತರಬೇತಿ ಪ್ರಮಾಣಪತ್ರ ಮತ್ತೊಂದು ದೇಶದಲ್ಲಿ ಪರವಾನಗಿ ಆಗುವುದಿಲ್ಲ. ಇದು ಗೊತ್ತಿಲ್ಲದವರೇ ಸುಲಭವಾಗಿ ಮೋಸದ ಬಲೆಗೆ ಬೀಳುತ್ತಾರೆ.

ಕಲಬುರಗಿ ಯುವಕರಿಗೆ ಆಗಿದ್ದೇನು?

ಭದ್ರತಾ ಸಿಬ್ಬಂದಿ ಕೆಲಸ ಎಂದು ನಂಬಿ ರಷ್ಯಾಗೆ ತೆರಳಿದ್ದ ಕಲಬುರಗಿಯ ಮೂವರು ಯುವಕರು ಉಕ್ರೇನ್ ಯುದ್ಧದಲ್ಲಿ ಸಿಲುಕಿದ ಸಂಗತಿ 2024ರ ಫೆಬ್ರವರಿಯಲ್ಲಿ ಬೆಳಕಿಗೆ ಬಂತು. ಇಂಥ ಏಜೆಂಟರ ಜಾಲದ ವಿರುದ್ಧ ಪ್ರಕರಣ ದಾಖಲಿಸಿದ ಸಿಬಿಐ, ಮಾರ್ಚ್‌ನಲ್ಲಿ ಮುಂಬೈ, ದೆಹಲಿ, ಚೆನ್ನೈ ಸೇರಿದಂತೆ ಹಲವು ನಗರಗಳಲ್ಲಿ ಶೋಧ ನಡೆಸಿತು. ಯುವಕರು ಊರಿಗೆ ಮರಳಿದ್ದು ಸೆಪ್ಟೆಂಬರ್‌ನಲ್ಲಿ.

ಮೊದಲ ಮೆಟ್ಟಿಲು ಇಲ್ಲೇ

ದೇಶದಲ್ಲಿ ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ ಅನ್ವಯಿಸುತ್ತದೆ. ಇದನ್ನು ಚುಟುಕಾಗಿ 'ಪಸಾರಾ' ಎನ್ನುತ್ತಾರೆ. ಗಾರ್ಡ್ ಆಗುವವರ ವಯಸ್ಸು 18ರಿಂದ 65ರೊಳಗಿರಬೇಕು, ಪೊಲೀಸ್ ಪರಿಶೀಲನೆ ಆಗಿರಬೇಕು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಕಡ್ಡಾಯ. ಮಾಜಿ ಸೈನಿಕರು ಮತ್ತು ಮಾಜಿ ಪೊಲೀಸರಿಗೆ ಈ ಅವಧಿ ಕಡಿಮೆ. ನೇಮಕಾತಿಯಲ್ಲೂ ಅವರಿಗೆ ಆದ್ಯತೆ ಇದೆ.

ಇದೇ ಕಾಯ್ದೆಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ. ಭಾರತದ ಭದ್ರತಾ ಸಂಸ್ಥೆಯೊಂದು ವಿದೇಶದಲ್ಲಿ ಸೇವೆ ಒದಗಿಸಬೇಕಾದರೆ ರಾಜ್ಯದ ನಿಯಂತ್ರಣ ಪ್ರಾಧಿಕಾರದ ಅನುಮತಿ ಪಡೆಯಬೇಕು. ಪ್ರಾಧಿಕಾರವು ಅನುಮತಿ ನೀಡುವ ಮುನ್ನ ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಬೇಕು. 'ನಮ್ಮ ಕಂಪನಿಯೇ ಹೊರದೇಶಕ್ಕೆ ಕಳಿಸುತ್ತದೆ' ಎಂದವರಲ್ಲಿ ಮೊದಲು ಈ ಅನುಮತಿ ಪತ್ರ ಕೇಳಿ.

ದುಬೈನಲ್ಲಿ ಹೇಗೆ?

ದುಬೈನಲ್ಲಿ ಈ ಕ್ಷೇತ್ರದ ನಿಯಂತ್ರಣ 'ಸಿರಾ' ಎಂಬ ಸರ್ಕಾರಿ ಸಂಸ್ಥೆಯದ್ದು. ಮುಂಬೈನಲ್ಲಿ ಎಷ್ಟೇ ವರ್ಷ ದುಡಿದಿದ್ದರೂ ಅಲ್ಲಿ ಸಿರಾ ತರಬೇತಿ, ಪರೀಕ್ಷೆ ಮುಗಿಸಿಯೇ ಕೆಲಸಕ್ಕೆ ಇಳಿಯಬೇಕು. ಅಬುಧಾಬಿಯ ವ್ಯವಸ್ಥೆ ಬೇರೆ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಕಾನೂನುಬಾಹಿರ. ಯುಎಇ ಕಾರ್ಮಿಕ ಕಾನೂನಿನಂತೆ ನೇಮಕಾತಿ ವೆಚ್ಚವನ್ನು ಮಾಲೀಕರು ಕಾರ್ಮಿಕರಿಂದ ವಸೂಲಿ ಮಾಡುವಂತಿಲ್ಲ.

ಬ್ರಿಟನ್‌ನಲ್ಲಿ ಅಂಗರಕ್ಷಕ ಪರವಾನಗಿ

ಬ್ರಿಟನ್‌ನಲ್ಲಿ 2001ರ ಕಾಯ್ದೆಯಡಿ ರಚನೆಯಾದ 'ಎಸ್‌ಐಎ' ಪ್ರಾಧಿಕಾರ ಅಂಗರಕ್ಷಕರಿಗೆ ಪ್ರತ್ಯೇಕ 'ಕ್ಲೋಸ್ ಪ್ರೊಟೆಕ್ಷನ್' ಪರವಾನಗಿ ನೀಡುತ್ತದೆ. ಇದಕ್ಕೆ ನಿಗದಿತ ಕೋರ್ಸ್ ಮತ್ತು ಪ್ರಥಮ ಚಿಕಿತ್ಸೆಯ ಅರ್ಹತೆ ಬೇಕು. ಅಪರಾಧ ಹಿನ್ನೆಲೆಯ ಪರಿಶೀಲನೆಯೂ ನಡೆಯುತ್ತದೆ. ಪರವಾನಗಿಯ ಅವಧಿ 3 ವರ್ಷ. ಆದರೆ ಪರವಾನಗಿ ಸಿಕ್ಕಿತೆಂದರೆ ವೀಸಾ ಸಿಕ್ಕಿತು ಎಂದಲ್ಲ; ಅಲ್ಲಿ ದುಡಿಯುವ ಹಕ್ಕನ್ನು ಬೇರೆಯಾಗಿಯೇ ಪಡೆಯಬೇಕು. ಅಲ್ಲಿನ ಖಾಸಗಿ ಅಂಗರಕ್ಷಕರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಶೂಟಿಂಗ್ ಕಲಿಸುತ್ತೇವೆಂದು ಅಕಾಡೆಮಿಗಳು ಕೇಳುವ ದೊಡ್ಡ ಶುಲ್ಕ ಬ್ರಿಟನ್ ಕೆಲಸಕ್ಕೆ ಉಪಯೋಗಕ್ಕೆ ಬಾರದು.

ಅಂಗರಕ್ಷಕರ ಕೆಲಸದಲ್ಲಿ ಹೊಡೆದಾಟಕ್ಕಿಂತ ಪೂರ್ವತಯಾರಿಯೇ ಹೆಚ್ಚು. ಗಣ್ಯರು ಬರುವ ಮೊದಲೇ ದಾರಿ, ತುರ್ತು ನಿರ್ಗಮನ ದ್ವಾರ, ಹತ್ತಿರದ ಆಸ್ಪತ್ರೆ ನೋಡಿಟ್ಟುಕೊಳ್ಳಬೇಕು. ಇಂಗ್ಲಿಷ್, ವಾಹನ ಚಾಲನೆ, ಪ್ರಥಮ ಚಿಕಿತ್ಸೆ, ವರದಿ ಬರೆಯುವ ಅಭ್ಯಾಸ ಇದ್ದವರು ಗಾರ್ಡ್ ಹುದ್ದೆಯಿಂದ ಮೇಲೇರುವುದು ಸುಲಭ.

ಹಡಗಿನ ಕೆಲಸ ಒಪ್ಪುವಾಗ ಎಚ್ಚರ

ಕಡಲ್ಗಳ್ಳರ ಕಾಟವಿರುವ ಸಮುದ್ರ ಮಾರ್ಗಗಳಲ್ಲಿ ಸಾಗುವ ಹಡಗುಗಳು ಶಸ್ತ್ರಸಜ್ಜಿತ ಗಾರ್ಡ್‌ಗಳನ್ನು ನೇಮಿಸಿಕೊಳ್ಳುತ್ತವೆ. 2013ರ ಅಕ್ಟೋಬರ್‌ನಲ್ಲಿ ಶಸ್ತ್ರಾಸ್ತ್ರಗಳಿದ್ದ 'ಸೀಮನ್ ಗಾರ್ಡ್ ಓಹಿಯೋ' ಹಡಗನ್ನು ತಮಿಳುನಾಡು ಕರಾವಳಿ ಬಳಿ ವಶಕ್ಕೆ ಪಡೆಯಲಾಯಿತು. ಭಾರತೀಯರೂ ಸೇರಿ ಅದರಲ್ಲಿದ್ದ 35 ಮಂದಿಗೆ 2016ರಲ್ಲಿ 5 ವರ್ಷ ಜೈಲು ಶಿಕ್ಷೆಯಾಯಿತು. ಮದ್ರಾಸ್ ಹೈಕೋರ್ಟ್ ಅವರನ್ನು ಖುಲಾಸೆಗೊಳಿಸಿದ್ದು 2017ರ ನವೆಂಬರ್‌ನಲ್ಲಿ. ಮಾಲೀಕರ ಶಸ್ತ್ರಾಸ್ತ್ರ ದಾಖಲೆಗಳ ಬಗ್ಗೆ ವಿವಾದ ಎದ್ದರೆ ಸಿಬ್ಬಂದಿಯೂ ವರ್ಷಗಟ್ಟಲೆ ಕಷ್ಟ ಅನುಭವಿಸಬೇಕಾಗುತ್ತದೆ.

ಹಣ ಕೊಡುವ ಮೊದಲು ಇವನ್ನು ಪರಿಶೀಲಿಸಿ

* ಏಜೆಂಟರ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂ. ಮತ್ತು ಜಿಎಸ್‌ಟಿ. ರಸೀದಿ ತಪ್ಪದೇ ಪಡೆಯಿರಿ.

* 10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗದ್ದು. ಇವರು ಯುಎಇ, ಸೌದಿ, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಜೊತೆಗೆ 10 ಲಕ್ಷ ರೂ.ಗಳ ಪ್ರವಾಸಿ ಭಾರತೀಯ ವಿಮೆ ಕಡ್ಡಾಯ.

* ಸಂಬಳ, ಕೆಲಸದ ಅವಧಿ, ವಸತಿ, ಕೆಲಸದ ಸ್ಥಳ ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ಒಂದು ಪ್ರತಿ ಮನೆಯವರ ಬಳಿ ಇರಲಿ.

ಅನುಮಾನವಿದ್ದರೆ ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ವಿದೇಶ ಭವನದಲ್ಲಿರುವ ವಲಸಿಗರ ಸಂರಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು. ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ: 1800 11 3090.